ಗ್ರಬ್ ಪ್ರಣಾಳಿಯ ಆಜ್ಞಾಶಬ್ದಗಳು: ಒಂದು ಅರ್ಥವಿಚಾರ

ಶಬ್ದವು ಅರ್ಥವನ್ನು ಬೆಳಗಬೇಕೆಂಬದು ಶಾಸ್ತ್ರಕಾರರೆಲ್ಲರಿಗೂ ಸಮ್ಮತವಾದ ಮಾತು. ಒಂದೇ ಶಬ್ದದಿಂದ ಎರಡು ಅರ್ಥಗಳು ಹೊಳೆದರೆ ಕಾವ್ಯದಲ್ಲಿ ಅದಕ್ಕೆ ಶ್ಲೇಷವೆಂದು ಹೆಸರಿಟ್ಟು ಅಲಂಕಾರಗಳ ಸಾಲಿನಲ್ಲಿ ಕೂಡಿಸಿದ್ದಾರೆ. ರಸಿಕನು ಅದನ್ನು ಕೇಳಿ ತಲೆದೂಗುತ್ತಾನೆ. ಆದರೆ ಅಪ್ಪಣೆಯ ಮಾತಿನಲ್ಲಿ ಅದೇ ಶ್ಲೇಷವು ದೋಷವಾಗುವದು. ‘ಸೈಂಧವವನ್ನು ತಾ’ ಎಂದು ಊಟಕ್ಕೆ ಕುಳಿತವನು ಹೇಳಿದರೆ ಉಪ್ಪನ್ನೂ, ಪ್ರಯಾಣಕ್ಕೆ ಹೊರಟವನು ಹೇಳಿದರೆ ಕುದುರೆಯನ್ನೂ ತರಬೇಕೆಂಬ ಪಾಠಶಾಲೆಯ ಹಳೆಯ ದೃಷ್ಟಾಂತವು ಪ್ರಸಿದ್ಧವಾಗಿದೆ. ಅಲ್ಲಿ ಪ್ರಕರಣವು ಅರ್ಥವನ್ನು ನಿರ್ಣಯಿಸುವದು. ಪ್ರಕರಣವನ್ನರಿಯದ ಆಳಿಗೆ ಆ ಅಪ್ಪಣೆಯು ಸಿಕ್ಕಿತೆಂದರೆ ಊಟದ ಎಲೆಯ ಮುಂದೆ ಕುದುರೆಯು ಬಂದು ನಿಲ್ಲುವದು.

ಗಣಕಯಂತ್ರದ ಬಾಗಿಲಲ್ಲಿ ಕಾವಲುಗಾರನಂತೆ ನಿಂತಿರುವ ‘ಗ್ರಬ್’ ಎಂಬ ಬೂಟ್‌ಲೋಡರಿನ ಭಾಷೆಯಲ್ಲಿ ಇಂಥ ಸೈಂಧವಗಳು ಹಲವು ಉಂಟು. ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಡಿಸ್ಕಿನೊಳಗಿನ ಮುಖ್ಯ ವ್ಯವಸ್ಥೆಯನ್ನು ಹುಡುಕಿ ತಂದು, ಅದರ ಕೈಗೆ ಅಧಿಕಾರವನ್ನು ಒಪ್ಪಿಸಿ ತಾನು ಹಿಂದೆ ಸರಿಯುವದು ಇದರ ಕೆಲಸ. ಕೆಲಸವು ಕ್ಷಣಮಾತ್ರದ್ದು, ಎಲ್ಲವೂ ಸುಸೂತ್ರವಾಗಿದ್ದಾಗ ಇದರ ಇರುವಿಕೆಯೇ ಯಾರ ಲಕ್ಷ್ಯಕ್ಕೂ ಬಾರದು. ಎಡವಟ್ಟಾದಾಗ ಮಾತ್ರ ಕರಿಯ ಪರದೆಯ ಮೇಲೆ ತನ್ನ ಹೆಸರನ್ನು ಮೂಡಿಸಿ ‘ಮುಂದೇನು?’ ಎಂದು ಕೇಳುವಂತೆ ಮಿಣುಕುತ್ತ ನಿಲ್ಲುವದು. ಆಗ ಅದರ ಶಬ್ದಗಳ ಅರ್ಥವನ್ನು ಬಲ್ಲವನು ದಾಟುವನು. ಅರಿಯದವನು ತನ್ನ ವರ್ಷಗಳ ದುಡಿಮೆಯನ್ನು ತನ್ನ ಕೈಯಿಂದಲೇ ಅಳಿಸಿಬಿಡುವನು. ಇದು ಯಂತ್ರಜ್ಞರ ವಿಷಯವು, ಸಾಹಿತ್ಯಪತ್ರಿಕೆಗೆ ಇದರ ಗೊಡವೆಯೇಕೆಂದು ಕೆಲವರು ಕೇಳಬಹುದು. ವಾಕ್ಯವಿದ್ದಲ್ಲಿ ವಾಕ್ಯಾರ್ಥವಿಚಾರವಿರುವದು, ವಾಕ್ಯಾರ್ಥವು ಕೆಟ್ಟಲ್ಲಿ ವಿಮರ್ಶೆಗೆ ಅಧಿಕಾರವಿರುವದು. ಇಷ್ಟೇ ಅದಕ್ಕೆ ಉತ್ತರ.

ಬಬಲೇಶ್ವರ ತಾಲೂಕಿನ ಕಾಖಂಡಕಿಯು ಹರಿದಾಸಸಾಹಿತ್ಯವನ್ನು ಬಲ್ಲವರಿಗೆ ಅಪರಿಚಿತವಾದ ಊರಲ್ಲ. ವಿಜಾಪುರದ ಆದಿಲಶಾಹಿ ದರಬಾರದ ಸೇವೆಯನ್ನು ತೊರೆದು, ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶವನ್ನು ಹೊಂದಿದ ಮಹಿಪತಿದಾಸರು 17ನೆಯ ಶತಮಾನದಲ್ಲಿ ನೆಲೆನಿಂತುದು ಈ ಊರಿನಲ್ಲಿಯೇ. ಕನ್ನಡದಲ್ಲಿಯೂ ಮರಾಠಿ ಹಿಂದುಸ್ತಾನಿಗಳಲ್ಲಿಯೂ ಅವರು ಪದಗಳನ್ನು ರಚಿಸಿದರು. ಅಂಥ ಊರಿನ ಒಬ್ಬ ವೃದ್ಧ ಗೃಹಸ್ಥರು ಮನೆತನದಲ್ಲಿ ಉಳಿದುಬಂದ ಕೈಬರಹದ ವಹಿಯೊಳಗಿನ ದಾಸರ ಪದಗಳನ್ನು ಎರಡು ವರ್ಷಗಳಿಂದ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತ ಬಂದಿದ್ದರು. ವಹಿಯ ಹಾಳೆಗಳು ಮುಟ್ಟಿದರೆ ಉದುರುವಂತಿದ್ದವು. ಕೆಲವು ಹಾಳೆಗಳು ಉದುರಿಯೂ ಹೋಗಿ, ಅವುಗಳ ಪಾಠವು ಯಂತ್ರದೊಳಗೆ ಮಾತ್ರ ಉಳಿದಿತ್ತು. ಕಾರಹುಣ್ಣಿಮೆಯ ಕರಿ ನೋಡಲು ಪಟ್ಟಣದಿಂದ ಬಂದ ಮೊಮ್ಮಗನು, ಅಜ್ಜನ ಡಿಸ್ಕಿನಲ್ಲಿ ಬರಿದಾಗಿ ಬಿದ್ದಿದ್ದ ಒಂದು ಭಾಗವನ್ನು ಕಂಡು, ಜಾಗವು ಹೆಚ್ಚಲೆಂಬ ಸದ್ಭಾವದಿಂದ ಅದನ್ನು ತೆಗೆದುಹಾಕಿ ಊರಿಗೆ ಹೋದನು. ಮರುದಿನ ಬೆಳಿಗ್ಗೆ ಯಂತ್ರವನ್ನು ಹಚ್ಚಿದರೆ ‘ಅಂಥ ಭಾಗವಿಲ್ಲ’ ಎಂಬರ್ಥದ ಒಂದು ಇಂಗ್ಲಿಷ್ ಸಾಲು, ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಶಬ್ದಗಳು, ಮತ್ತೇನೂ ಇಲ್ಲ.

ನೋಡಲು ಬಂದವರಲ್ಲಿ ಒಬ್ಬನು ಡಿಸ್ಕು ಸತ್ತಿತೆಂದನು. ಇನ್ನೊಬ್ಬನು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಬಿಟ್ಟರೆ ಅರ್ಧ ತಾಸಿನಲ್ಲಿ ಸರಿಯಾಗುವದೆಂದು ಪೆನ್‌ಡ್ರೈವ್ ಹಿಡಿದು ಸಿದ್ಧನಾದನು. ವಿಜಯಪುರದಲ್ಲಿ ಡಿಪ್ಲೋಮಾ ಓದುತ್ತಿದ್ದ ನೆರೆಮನೆಯ ಹುಡುಗಿಯೊಬ್ಬಳು ಮಾತ್ರ ಪರದೆಯ ಮೇಲಿನ ಸಾಲನ್ನು ಎರಡು ಸಲ ಓದಿದಳು.

“ಎಲ್ಲಾ ಹೋತೇನವಾ?” ಎಂದರು ವೃದ್ಧರು.

“ಹೋಗಿಲ್ರಿ ಅಜ್ಜಾರ. ಬಾಗಲಾ ಸಿಗವಲ್ದು, ಅಷ್ಟ” ಎಂದಳು ಅವಳು.

ಈ ಎರಡು ಮಾತುಗಳ ನಡುವಿನ ಅಂತರವೇ ಈ ವಿಮರ್ಶೆಯ ವಸ್ತು. ವಿಜಾಪುರ ಸೀಮೆಯ ರೈತನು ಹಗೇವಿನಲ್ಲಿ ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಬಳಿಯುತ್ತಿದ್ದನು. ಹಗೇವಿನ ಬಾಯಿ ಎಲ್ಲಿದೆಯೆಂಬ ಗುರುತು ಮರೆತರೆ ಒಳಗಿನ ಕಾಳು ಕರಗಿಹೋಗುವದಿಲ್ಲ. ಗುರುತು ಸಿಗಲಿಲ್ಲವೆಂದು ನೆಲವನ್ನೆಲ್ಲ ಹರಗಿ ಹೊಸ ಬೀಜವನ್ನು ಬಿತ್ತುವವನು ಮಾತ್ರ ಮೂರ್ಖನೆನಿಸುವನು. ಗ್ರಬ್ ತೋರಿಸುವ ಸಾಲು ‘ಬಾಯಿ ಸಿಗಲಿಲ್ಲ’ ಎಂಬಷ್ಟನ್ನೇ ಹೇಳುತ್ತದೆ. ಅದನ್ನು ‘ಕಾಳು ಇಲ್ಲ’ ಎಂದು ಕೇಳುವವನು ಕೇಳುತ್ತಾನೆ. ವಾಚ್ಯಾರ್ಥವು ಅಲ್ಪ, ವ್ಯಂಗ್ಯಾರ್ಥವು ಭಯಂಕರ: ಇದು ಇದರ ಮೊದಲ ದೋಷ.

ಈ ಪ್ರಣಾಳಿಯ ಇತಿಹಾಸವನ್ನು ಸ್ವಲ್ಪದರಲ್ಲಿ ಹೇಳುವದು ಅವಶ್ಯ. 1995ರಲ್ಲಿ ಎರಿಕ್ ಸ್ಟೀಫನ್ ಬೋಲಿನ್ ಎಂಬವನು ಗ್ನು ಸಂಸ್ಥೆಯ ‘ಹರ್ಡ್’ ಎಂಬ ವ್ಯವಸ್ಥೆಯನ್ನು ಚಾಲನೆಗೆ ತರುವ ಪ್ರಯತ್ನದಲ್ಲಿ ಇದನ್ನು ರಚಿಸಿದನು. 1999ರಲ್ಲಿ ಇದು ಗ್ನು ಸಂಸ್ಥೆಯ ಅಧಿಕೃತ ಕೃತಿಗಳಲ್ಲಿ ಒಂದಾಯಿತು. ಬೇರೆ ಬೇರೆ ವ್ಯವಸ್ಥೆಗಳನ್ನು ಒಂದೇ ಬಾಗಿಲಿನಿಂದ ಒಳಗೆ ಬಿಡುವ ಔದಾರ್ಯವೇ ಇದರ ಹೆಗ್ಗಳಿಕೆ. ಮುಂದೆ ಬುಡದಿಂದ ಬೇರೆಯಾಗಿ ಬರೆದ ಎರಡನೆಯ ಗ್ರಬ್ ಹುಟ್ಟಿತು. ಉಬುಂಟು 2009ರ 9.10ನೆಯ ಆವೃತ್ತಿಯಿಂದ ಅದನ್ನೇ ಅಂಗೀಕರಿಸಿತು, 2.00 ಎಂಬ ಆವೃತ್ತಿಯು 2012ರಲ್ಲಿಯೂ 2.12 ಎಂಬದು 2023ರಲ್ಲಿಯೂ ಹೊರಬಂದವು. ಹಳೆಯದಕ್ಕೆ ‘ಲೆಗಸಿ’ ಎಂಬ ಹೆಸರು ನಿಂತಿತು.

ಎರಡು ತಲೆಮಾರುಗಳ ನಡುವೆ ಹೆಸರೊಂದೇ ಉಳಿದು ಶಬ್ದಗಳು ಬದಲಾದವು. ಹಳೆಯದರಲ್ಲಿ ‘ಕರ್ನೆಲ್’ ಎಂದಿದ್ದ ಆಜ್ಞೆಯು ಹೊಸದರಲ್ಲಿ ‘ಲಿನಕ್ಸ್’ ಎಂದಾಯಿತು. ‘ಟೈಟಲ್’ ಎಂಬದು ‘ಮೆನುಎಂಟ್ರಿ’ ಎಂದಾಯಿತು. ಇವುಗಳಿಂದ ಹೆಚ್ಚಿನ ಕೇಡಿಲ್ಲ. ತಪ್ಪು ಶಬ್ದವನ್ನು ಬರೆದರೆ ಯಂತ್ರವು ಅರಿಯೆನೆಂದು ಹೇಳಿ ಸುಮ್ಮನಾಗುವದು. ಹೆಚ್ಚಿನ ಕೇಡಿರುವದು ಶಬ್ದವು ಹಾಗೆಯೇ ಉಳಿದು ಅರ್ಥವು ಸರಿದಲ್ಲಿ. ಎರಡು ಗ್ರಬ್‌ಗಳಲ್ಲಿಯೂ ಡಿಸ್ಕುಗಳ ಎಣಿಕೆಯು ಸೊನ್ನೆಯಿಂದ. ಮೊದಲನೆಯ ಡಿಸ್ಕು ‘ಎಚ್‌ಡಿ 0’. ಆದರೆ ಡಿಸ್ಕಿನೊಳಗಿನ ಭಾಗಗಳ ಎಣಿಕೆಯು ಹಳೆಯದರಲ್ಲಿ ಸೊನ್ನೆಯಿಂದಲೂ ಹೊಸದರಲ್ಲಿ ಒಂದರಿಂದಲೂ ಪ್ರಾರಂಭವಾಗುವದು. ಹಳೆಯ ‘ಎಚ್‌ಡಿ 0,0’ ಎಂಬದೂ ಹೊಸ ‘ಎಚ್‌ಡಿ 0,1’ ಎಂಬದೂ ಒಂದೇ ಠಾವು. ಹಳೆಯ ‘ಎಚ್‌ಡಿ 0,1’ ಎಂಬದು ಬೇರೊಂದು ಠಾವು. ಹಳೆಯ ಟಿಪ್ಪಣಿಯನ್ನು ನೋಡಿ ಹೊಸ ಯಂತ್ರಕ್ಕೆ ಅಪ್ಪಣೆ ಕೊಡುವವನು ನೆರೆಮನೆಯ ಬಾಗಿಲನ್ನು ತಟ್ಟಿದಂತಾಗುವದು. ಒಂದೇ ಆವರಣದೊಳಗೆ ಎಡಗಡೆಯ ಅಂಕೆಯನ್ನು ಸೊನ್ನೆಯಿಂದಲೂ ಬಲಗಡೆಯ ಅಂಕೆಯನ್ನು ಒಂದರಿಂದಲೂ ಎಣಿಸೆಂಬ ಕಟ್ಟಳೆಯು ಯಾವ ಗಣಿತಶಾಲೆಯಲ್ಲಿಯೂ ಒಪ್ಪುವಂಥದಲ್ಲ. ಇದರ ಮೇಲೆ ಡಿಸ್ಕುಗಳ ಅನುಕ್ರಮವು ಯಂತ್ರದ ಫರ್ಮ್‌ವೇರನ್ನು ಅವಲಂಬಿಸಿರುವದರಿಂದ, ಪೆನ್‌ಡ್ರೈವ್ ಒಂದನ್ನು ಚುಚ್ಚಿದ ಮಾತ್ರಕ್ಕೆ ‘ಎಚ್‌ಡಿ 0’ ಎಂಬ ಹೆಸರು ಅದಕ್ಕೇ ಹೋಗಬಹುದು. ಈ ದೋಷವನ್ನು ಕರ್ತೃಗಳು ತಾವೇ ಕಂಡುಕೊಂಡು, ಠಾವಿನ ಅಂಕೆಯ ಬದಲು ಪ್ರತಿಯೊಂದು ಭಾಗಕ್ಕೆ ಹುಟ್ಟಿನಿಂದ ಅಂಟಿಕೊಂಡ ‘ಯುಯುಐಡಿ’ ಎಂಬ ಗುರುತಿನಿಂದ ಹುಡುಕುವ ‘ಸರ್ಚ್’ ಆಜ್ಞೆಯನ್ನು ರೂಢಿಗೆ ತಂದುದು ಪ್ರಶಂಸನೀಯ. ಮನೆಯ ಅಂಕೆಯು ಬದಲಾದರೂ ಯಜಮಾನನ ಹೆಸರು ಬದಲಾಗದಷ್ಟೆ.

ಇನ್ನು ಸೈಂಧವಗಳಲ್ಲಿ ದೊಡ್ಡ ಸೈಂಧವವಾದ ‘ರೂಟ್’ ಎಂಬ ಶಬ್ದಕ್ಕೆ ಬರಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಬೇರು, ಮೂಲ ಎಂದರ್ಥ. ಗ್ರಬ್‌ನ ಕಕ್ಷೆಯಲ್ಲಿ ಇದಕ್ಕೆ ನಾಲ್ಕು ಅರ್ಥಗಳು. ಮೊದಲನೆಯದಾಗಿ, ‘ಸೆಟ್ ರೂಟ್’ ಎಂದಾಗ ಗ್ರಬ್ ತಾನು ಕಡತಗಳನ್ನು ಯಾವ ಭಾಗದಲ್ಲಿ ಹುಡುಕಬೇಕೆಂಬ ನೆಲೆ. ಎರಡನೆಯದಾಗಿ, ‘ಲಿನಕ್ಸ್’ ಆಜ್ಞೆಯ ಬಾಲದಲ್ಲಿ ‘ರೂಟ್’ ಎಂದು ಬರೆದು ಸಮಚಿಹ್ನೆಯನ್ನು ಹಾಕಿದರೆ, ಅದು ಗ್ರಬ್‌ಗೆ ಸಂಬಂಧಿಸಿದ ಮಾತೇ ಅಲ್ಲ. ಕರ್ನೆಲ್ಲು ಎಚ್ಚತ್ತ ಮೇಲೆ ಯಾವ ಭಾಗವನ್ನು ತನ್ನ ಮುಖ್ಯ ನಿವಾಸವಾಗಿ ಹಿಡಿಯಬೇಕೆಂಬ ಸಂದೇಶ. ಗ್ರಬ್ ಇಲ್ಲಿ ಓಲೆಕಾರನು ಮಾತ್ರ. ಓಲೆಯನ್ನು ಒಡೆದು ನೋಡುವದಿಲ್ಲ. ಮೂರನೆಯದಾಗಿ, ಓರೆಗೆರೆಯಿಂದ ಸೂಚಿತವಾಗುವ ಎಲ್ಲ ಕಡತಕೋಶಗಳ ಬುಡಕ್ಕೂ ಅದೇ ಹೆಸರು. ನಾಲ್ಕನೆಯದಾಗಿ, ಉಬುಂಟುವಿನ ರಿಕವರಿ ಮೆನುವಿನಲ್ಲಿ ‘ರೂಟ್’ ಎಂದು ಕಾಣುವ ಸಾಲಿಗೆ ಸರ್ವಾಧಿಕಾರವುಳ್ಳ ಬಳಕೆದಾರನ ಶೆಲ್ಲಿಗೆ ಇಳಿಯುವದೆಂಬರ್ಥ. ಮೊದಲಿನ ಮೂರು ಠಾವುಗಳು, ನಾಲ್ಕನೆಯದು ವ್ಯಕ್ತಿ.

ಪಾಣಿನಿಯು ‘ವೃದ್ಧಿ’ ಎಂಬ ಲೋಕದ ಶಬ್ದವನ್ನು ತೆಗೆದುಕೊಂಡು ಆ, ಐ, ಔ ಎಂಬ ಮೂರು ಸ್ವರಗಳಿಗೆ ಸಂಜ್ಞೆಯಾಗಿ ಕಟ್ಟಿದನು. ಲೋಕದಲ್ಲಿ ಅದಕ್ಕೆ ಬೆಳವಣಿಗೆಯೆಂಬರ್ಥವಿದ್ದರೂ ಶಾಸ್ತ್ರದೊಳಗೆ ಸಂದೇಹವು ಬಾರದು. ಏಕೆಂದರೆ ಸಂಜ್ಞೆಯನ್ನು ಮೊದಲೇ ವಿಧಿಸಿ, ಶಾಸ್ತ್ರದುದ್ದಕ್ಕೂ ಅದನ್ನು ಪಾಲಿಸಿದನು. ಸಂಜ್ಞೆಗೆ ಲೋಕದ ಅರ್ಥವು ಸರಿಹೊಂದಲೇಬೇಕೆಂಬ ನಿಯಮವಿಲ್ಲ. ಒಂದು ಶಾಸ್ತ್ರದಲ್ಲಿ ಒಂದು ಸಂಜ್ಞೆಗೆ ಒಂದೇ ಅರ್ಥವೆಂಬ ನಿಯಮವಿದ್ದರೆ ಸಾಕು. ಇಲ್ಲಿ ಆಗಿರುವದೇನೆಂದರೆ ಮೂರು ಬೇರೆ ಬೇರೆ ಶಾಸ್ತ್ರಗಳು, ಅಂದರೆ ಬೂಟ್‌ಲೋಡರು, ಕರ್ನೆಲ್ಲು ಮತ್ತು ವ್ಯವಸ್ಥೆಯ ಆಡಳಿತ, ಒಂದೇ ಪರದೆಯ ಮೇಲೆ ಸೇರಿವೆ. ಪ್ರತಿಯೊಂದೂ ತನ್ನ ಸಂಜ್ಞೆಯನ್ನು ತಂದಿದೆ. ಇವು ಬೇರೆ ಬೇರೆಯೆಂದು ಓದುಗನಿಗೆ ಹೇಳುವವರು ಯಾರೂ ಇಲ್ಲ. ದೋಷವು ಒಬ್ಬ ಕರ್ತೃವಿನದಲ್ಲ, ಸಂಧಿಯದು.

‘ಪ್ರಿಫಿಕ್ಸ್’ ಎಂಬ ಇನ್ನೊಂದು ಶಬ್ದವೂ ಹೀಗೆಯೇ. ಕೋಶವನ್ನು ನೋಡಿ ಅರ್ಥಮಾಡುವ ವಿದ್ಯಾರ್ಥಿಯು ಇದನ್ನು ಉಪಸರ್ಗವೆನ್ನುವನು. ಗ್ರಬ್‌ನಲ್ಲಿ ಅದು ಗ್ರಬ್ ತನ್ನ ಸ್ವಂತ ಸಾಮಾನುಗಳನ್ನು, ಎಂದರೆ ಮೆನುವಿನ ಕಡತವನ್ನೂ ಉಳಿದ ಉಪಾಂಗಗಳನ್ನೂ, ಇಟ್ಟಿರುವ ಕೋಶದ ದಾರಿ. ‘ರೂಟ್’ ಊರಿನ ಗುರುತಾದರೆ ‘ಪ್ರಿಫಿಕ್ಸ್’ ತನ್ನ ಮನೆಯ ಗುರುತು. ಕಾಖಂಡಕಿಯ ಯಂತ್ರದಲ್ಲಿ ತಪ್ಪಿದ್ದು ಈ ಎರಡನೆಯದೇ.

ಕ್ರಿಯಾಪದಗಳ ವಿಷಯದಲ್ಲಿ ಆಕಾಂಕ್ಷೆಯ ವಿಚಾರವು ಮುಖ್ಯ. ವಾಕ್ಯಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳು ಬೇಕೆಂಬದು ನೈಯಾಯಿಕರ ಮತ. ‘ಲಿನಕ್ಸ್’ ಎಂಬ ಆಜ್ಞೆಯು ಕೇಳಲು ಪೂರ್ಣವಾಕ್ಯದಂತಿದ್ದರೂ ಅದು ಕರ್ನೆಲ್ಲನ್ನು ಸ್ಮೃತಿಗೆ ತಂದಿಡುವದು ಮಾತ್ರ, ಅದನ್ನು ಎಬ್ಬಿಸುವದಿಲ್ಲ. ಅದರ ಬೆನ್ನಿಗೆ ಕರ್ನೆಲ್ಲಿಗೆ ಮೊದಲ ಹೊತ್ತಿನ ಬುತ್ತಿಯಾಗಿರುವ ‘ಇನಿಟ್‌ಆರ್‌ಡಿ’ಯನ್ನು ತರಬೇಕು, ಕೊನೆಗೆ ‘ಬೂಟ್’ ಎನ್ನಬೇಕು. ಕ್ರಮವು ತಪ್ಪಿದರೆ ಸನ್ನಿಧಿಯು ಕೆಡುವದು. ಕರ್ನೆಲ್ಲಿಲ್ಲದೆ ಮೊದಲೇ ‘ಬೂಟ್’ ಎಂದವನಿಗೆ, ಮೊದಲು ಕರ್ನೆಲ್ಲನ್ನು ತರಬೇಕೆಂದು ಗ್ರಬ್ ತಿಳಿಹೇಳುವದು. ಈ ದೋಷಸೂಚನೆಯ ವಾಕ್ಯವು ಮೆಚ್ಚತಕ್ಕದ್ದು: ತಪ್ಪೇನೆಂಬದನ್ನೂ ಪರಿಹಾರವೇನೆಂಬದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇದರೊಡನೆ ‘ಅನ್‌ನೋನ್ ಫೈಲ್‌ಸಿಸ್ಟಮ್’ ಎಂಬ ಇನ್ನೊಂದು ಸೂಚನೆಯನ್ನು ಹೋಲಿಸಿ ನೋಡಬೇಕು. ಆ ಭಾಗದ ಲಿಪಿಯನ್ನು ಓದುವ ಉಪಾಂಗವು ಆ ಹೊತ್ತಿಗೆ ತನ್ನಲ್ಲಿಲ್ಲವೆಂಬಷ್ಟೇ ಅದರ ತಾತ್ಪರ್ಯವಾಗಿರಬಹುದು. ಆದರೆ ‘ಅಜ್ಞಾತ’ವೆಂಬ ಶಬ್ದವನ್ನು ಓದಿದವನು ಬರಹವೇ ಕೆಟ್ಟಿತೆಂದು ತಿಳಿಯುವನು. ಅರಿಯದವನು ತನ್ನ ಅಜ್ಞಾನವನ್ನು ವಸ್ತುವಿನ ಮೇಲೆ ಹೊರಿಸಬಾರದು. ಮನುಷ್ಯರಿಗಿರುವ ಈ ನಿಯಮವು ಯಂತ್ರಕ್ಕೂ ಇರುವದು ಯುಕ್ತ.

ರಿಕವರಿ ಮೆನುವಿನ ಶಬ್ದಗಳಿಗೂ ಇದೇ ಮಾತು. ‘ಕ್ಲೀನ್’ ಎಂಬ ಸಾಲನ್ನು ಕಂಡ ಗೃಹಸ್ಥನು ಎಲ್ಲವೂ ತೊಳೆದುಹೋಗುವದೆಂದು ಅಂಜುವನು; ಅದು ಡಿಸ್ಕಿನಲ್ಲಿ ಸ್ವಲ್ಪ ಜಾಗ ಮಾಡುವ ಪ್ರಯತ್ನ ಮಾತ್ರ. ಅತ್ಯಂತ ಅಪಾಯವುಳ್ಳ ‘ರೂಟ್’ ಎಂಬದೋ ನಿರುಪದ್ರವಿಯಾದ ಎರಡಕ್ಷರದ ಮುಖವನ್ನು ಹೊತ್ತು ಕುಳಿತಿದೆ. ಸಾತ್ವಿಕನಿಗೆ ಭಯಾನಕ ವೇಷ, ಪ್ರತಾಪಿಗೆ ಶಾಂತವೇಷ: ಪಾತ್ರಗಳ ಉಡುಪು ಅದಲುಬದಲಾದ ಬಯಲಾಟದಂತೆ ಇದು ತೋರುವದು.

‘ನಾರ್ಮಲ್’ ಎಂಬದರ ವಿಚಾರವು ಇನ್ನೂ ಸೂಕ್ಷ್ಮ. ಗ್ರಬ್‌ಗೆ ಎರಡು ಅವಸ್ಥೆಗಳುಂಟು. ಎಲ್ಲ ಉಪಾಂಗಗಳೂ ಸಿಕ್ಕಾಗ ಅದು ‘ನಾರ್ಮಲ್’, ಸಿಗದಾಗ ‘ರೆಸ್ಕ್ಯೂ’. ರೆಸ್ಕ್ಯೂ ಎಂದರೆ ಉದ್ಧಾರ. ಹೆಸರನ್ನು ಕೇಳಿದವನು ಅಲ್ಲಿ ಸಹಾಯವು ಹೇರಳವಾಗಿರುವದೆಂದು ಭಾವಿಸುವನು. ವಾಸ್ತವದಲ್ಲಿ ಅಲ್ಲಿ ಉಳಿದಿರುವ ಆಜ್ಞೆಗಳು ನಾಲ್ಕೇ: ‘ಎಲ್‌ಎಸ್’, ‘ಸೆಟ್’, ‘ಅನ್‌ಸೆಟ್’, ‘ಇನ್ಸ್‌ಮಾಡ್’. ‘ಹೆಲ್ಪ್’ ಎಂದು ಕೂಗಿದರೆ ಅಂಥ ಆಜ್ಞೆಯನ್ನು ಅರಿಯೆನೆಂಬ ಉತ್ತರ ಬರುವದು. ಮುಳುಗುವವನ ಕೂಗಿಗೆ ‘ಆ ಶಬ್ದವು ನಿಘಂಟಿನಲ್ಲಿಲ್ಲ’ ಎಂದು ಹೇಳಿದಂತೆ! ಆದರೂ ಆ ನಾಲ್ಕೇ ಆಜ್ಞೆಗಳಿಂದ ದಡವನ್ನು ಸೇರುವದು ಶಕ್ಯವೆಂಬದು ಕರ್ತೃಗಳ ಜಾಣ್ಮೆಗೆ ಸಾಕ್ಷಿ.

ಕಾಖಂಡಕಿಯಲ್ಲಿ ನಡೆದುದೂ ಅದೇ. ಮೊಮ್ಮಗನು ತೆಗೆದ ಭಾಗದ ಅಂಕೆ ಐದು. ಹಳೆಯ ಪದ್ಧತಿಯ ಡಿಸ್ಕುಗಳಲ್ಲಿ ಐದರಿಂದ ಮುಂದಿನ ಉಪಭಾಗಗಳೊಳಗೆ ಒಂದನ್ನು ತೆಗೆದರೆ ಅದರ ಹಿಂದಿನವು ಒಂದೊಂದು ಮೆಟ್ಟಲು ಕೆಳಗಿಳಿಯುವವು. ಆರನೆಯದಾಗಿದ್ದ ಅಜ್ಜನ ಭಾಗವು ಐದನೆಯದಾಯಿತು. ಗ್ರಬ್ ಮಾತ್ರ ಹಳೆಯ ಗುರುತನ್ನು ಹಿಡಿದು ಆರನೆಯದನ್ನೇ ಹುಡುಕಿ, ಅಂಥ ಭಾಗವಿಲ್ಲವೆಂದು ನಿಂತಿತು. ಅದರ ಮಾತು ಅಕ್ಷರಶಃ ಸತ್ಯವಾಗಿತ್ತು. ಹುಡುಗಿಯು ಮೊದಲು ‘ಎಲ್‌ಎಸ್’ ಎಂದು ಬರೆದಳು. ಇರುವ ಭಾಗಗಳ ಹೆಸರುಗಳು ಕಂಡವು. ಒಂದೊಂದನ್ನೇ ತೆರೆದು ನೋಡಿದಳು, ವಿಂಡೋಸ್ ಇದ್ದ ಭಾಗಕ್ಕೆ ಅಜ್ಞಾತವೆಂಬ ಉತ್ತರ ಬಂದಿತು, ಅದಕ್ಕೆ ಅಂಜಲಿಲ್ಲ. ‘ಎಚ್‌ಡಿ 0, ಎಂಎಸ್‌ಡಾಸ್ 5’ ಎಂಬದರೊಳಗೆ ಬೂಟ್ ಕೋಶವೂ ಅದರೊಳಗೆ ಗ್ರಬ್ ಕೋಶವೂ ಕಾಣಿಸಿದವು. ‘ಸೆಟ್’ ಆಜ್ಞೆಯಿಂದ ‘ಪ್ರಿಫಿಕ್ಸ್’ಗೆ ಆ ದಾರಿಯನ್ನೂ ‘ರೂಟ್’ಗೆ ಆ ಭಾಗವನ್ನೂ ಕೊಟ್ಟಳು, ‘ಇನ್ಸ್‌ಮಾಡ್ ನಾರ್ಮಲ್’ ಎಂದು ಉಪಾಂಗವನ್ನು ಕರೆದಳು, ‘ನಾರ್ಮಲ್’ ಎಂದಳು. ಮೆನುವು ಬಂದು ನಿಂತಿತು. ಮುಂದಿನ ಹುಡುಕಾಟವು ಯುಯುಐಡಿಯ ಗುರುತಿನಿಂದ ನಡೆಯುವದಾದ್ದರಿಂದ ಯಂತ್ರವು ತಡೆಯಿಲ್ಲದೆ ಎದ್ದಿತು. ಆದರೆ ಇಲ್ಲಿ ಕೊಟ್ಟ ಅಪ್ಪಣೆಗಳೆಲ್ಲ ಆ ಹೊತ್ತಿನವು. ಯಂತ್ರವನ್ನು ಆರಿಸಿದರೆ ಅಳಿದುಹೋಗುವವು. ಅದನ್ನು ಬಲ್ಲ ಅವಳು ಒಳಗೆ ಹೋದ ಮೇಲೆ ಗ್ರಬ್ಬನ್ನು ಡಿಸ್ಕಿಗೆ ಮತ್ತೊಮ್ಮೆ ಪ್ರತಿಷ್ಠಾಪಿಸಿದಳು. ಅದಕ್ಕೂ ಮೊದಲು ಪದಗಳ ಕಡತಗಳನ್ನು ಪೆನ್‌ಡ್ರೈವಿಗೆ ಇಳಿಸಿದಳು. ಅಳಿಸಲೆಂದು ತಂದ ಪೆನ್‌ಡ್ರೈವ್ ಉಳಿಸಲು ಬಂದಿತು.

ಈ ಅಪ್ಪಣೆಗಳು ಕ್ಷಣಿಕವೆಂಬದೇ ಗ್ರಬ್‌ನ ಅತಿ ದೊಡ್ಡ ಗುಣವೆಂದು ಹೇಳಬೇಕು. ಮೆನುವಿನಲ್ಲಿ ‘ಇ’ ಕೀಲಿಯನ್ನೊತ್ತಿ ಸಾಲುಗಳನ್ನು ತಿದ್ದಿದರೂ ಆ ತಿದ್ದುಪಡಿಯು ಆ ಒಂದು ಸಲದ ಚಾಲನೆಗೆ ಮಾತ್ರ ಅನ್ವಯಿಸುವದು. ಡಿಸ್ಕಿನ ಬರಹವನ್ನು ಮುಟ್ಟುವದಿಲ್ಲ. ‘ಎಸ್ಕೇಪ್’ ಒತ್ತಿದರೆ ತಿದ್ದಿದ್ದೆಲ್ಲ ಬಿಟ್ಟುಹೋಗಿ ಹಳೆಯ ಮೆನುವು ಬರುವದು. ಪಾಟಿಯ ಮೇಲೆ ಬರೆದು ಒರೆಸುವ ವಿದ್ಯಾರ್ಥಿಗೆ ಇರುವ ಅಭಯವು ಇಲ್ಲಿಯೂ ಇದೆ. ಆದರೆ ಈ ಅಭಯವನ್ನು ಪರದೆಯು ಬಾಯಿಬಿಟ್ಟು ಹೇಳುವದಿಲ್ಲ. ‘ಇಲ್ಲಿ ಬರೆದದ್ದು ಉಳಿಯುವದಿಲ್ಲ, ಅಂಜದಿರಿ’ ಎಂಬ ಒಂದು ಸಾಲು ಅಲ್ಲಿದ್ದಿದ್ದರೆ ಎಷ್ಟೋ ಮನೆಗಳಲ್ಲಿ ಎಷ್ಟೋ ಡಿಸ್ಕುಗಳು ಅಕಾರಣವಾಗಿ ಅಳಿಯುತ್ತಿರಲಿಲ್ಲ. ಗುಣವಿದ್ದೂ ಹೇಳದಿರುವದು ಮನುಷ್ಯನಲ್ಲಿ ವಿನಯ. ಬಾಗಿಲ ಫಲಕದಲ್ಲಿ ಅದು ನ್ಯೂನತೆ.

ಈ ಸಾಲುಗಳು ಕನ್ನಡದಲ್ಲಿಯೇ ಕಾಣಲೆಂಬ ಆಶೆಯು ಸಹಜ. ಅದಕ್ಕೆ ಒಂದು ವಿಘ್ನವಿದೆ. ಗ್ರಬ್ ಯುನಿಕೋಡ್ ಅಕ್ಷರಗಳನ್ನು ಒಪ್ಪುತ್ತದೆ. ಆದರೆ ಅದರ ಅಕ್ಷರಕೋಶದಲ್ಲಿ ಒಂದೊಂದು ಸಂಕೇತಕ್ಕೆ ಒಂದೊಂದು ಚುಕ್ಕೆಚಿತ್ರವಿರುವದೇ ಹೊರತು, ವ್ಯಂಜನಗಳು ಕೂಡಿದಾಗ ಒತ್ತು ಹೇಗೆ ಮೂಡಬೇಕೆಂಬ ನಿಯಮವಿಲ್ಲ. ಹೀಗಾಗಿ ‘ಶಬ್ದ’ವೆಂಬದು ‘ಶಬ್‌ದ’ ಎಂದು ಒಡೆದು ನಿಲ್ಲುವದು. ಸಂಧಿಯನ್ನು ಬಿಡಿಸಿದ ಪದಪಾಠದಂತೆ ಅದನ್ನು ಕಷ್ಟದಿಂದ ಓದಬಹುದಾದರೂ, ಅಂಜಿದ ಮನುಷ್ಯನು ಓದುವ ಪರದೆಯಲ್ಲಿ ಅಂಥ ಬರಹವು ಅಂಜಿಕೆಯನ್ನು ಹೆಚ್ಚಿಸೀತು. ಆ ವಿಘ್ನವು ತೊಲಗುವವರೆಗೆ ಪರದೆಯ ಹೊರಗಾದರೂ ಕನ್ನಡವು ಕೆಲಸ ಮಾಡಬಹುದು. ಗ್ರಂಥಾಲಯ, ಶಾಲೆ, ಪಂಚಾಯತಿಗಳ ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಗೈಯಗಲದ ಕಾಗದವೊಂದನ್ನು ಅಂಟಿಸಿದರೆ ಸಾಕು. ಗ್ರಬ್‌ನ ‘ರೂಟ್’ ಎಂದರೆ ಹುಡುಕುವ ನೆಲೆ, ಕರ್ನೆಲ್ಲಿನ ‘ರೂಟ್’ ಎಂದರೆ ವಾಸದ ನೆಲೆ, ಓರೆಗೆರೆಯ ‘ರೂಟ್’ ಎಂದರೆ ಕೋಶಗಳ ಬುಡ, ರಿಕವರಿಯ ‘ರೂಟ್’ ಎಂದರೆ ಸರ್ವಾಧಿಕಾರಿ, ‘ಪ್ರಿಫಿಕ್ಸ್’ ಎಂದರೆ ಗ್ರಬ್‌ನ ಮನೆದಾರಿ. ಒಂದು ಶಬ್ದಕ್ಕೆ ನಾಲ್ಕು ಕನ್ನಡಗಳನ್ನು ಕೊಡುವದು ಭಾಷಾಂತರದ ದೌರ್ಬಲ್ಯವೆಂದು ತಿಳಿಯಬಾರದು. ಮೂಲದಲ್ಲಿ ಕೂಡಿಕೊಂಡು ಕೆಟ್ಟುದನ್ನು ಬೇರ್ಪಡಿಸಿ ತೋರಿಸುವದೇ ಇಲ್ಲಿ ಭಾಷಾಂತರದ ಸಾರ್ಥಕ್ಯ. ‘ಬೇರು’ ಎಂದು ಎಲ್ಲ ಕಡೆಗೂ ಒಂದೇ ಶಬ್ದವನ್ನು ಬಳಸುವ ಭಾಷಾಂತರಕಾರನು ಇಂಗ್ಲಿಷಿನ ರೋಗವನ್ನು ಕನ್ನಡಕ್ಕೆ ಅಂಟಿಸಿದಂತಾಗುವದು. ಆ ಕಾಗದದ ಅಡಿಯಲ್ಲಿ ದಪ್ಪಕ್ಷರದಿಂದ ಇನ್ನೊಂದು ಮಾತಿರಬೇಕು: ಈ ಪರದೆಯನ್ನು ಕಂಡು ಡಿಸ್ಕನ್ನು ಅಳಿಸಬೇಡಿರಿ; ಮೊದಲು ‘ಎಲ್‌ಎಸ್’ ಎಂದು ಕೇಳಿ ನೋಡಿರಿ.

ಒಟ್ಟಿನಲ್ಲಿ ನೋಡಿದರೆ, ಗ್ರಬ್ ಸಮರ್ಥವಾದ ಕೃತಿ. ಅದರ ಆಜ್ಞಾಭಾಷೆಯು ಕೃತಿಗೆ ತಕ್ಕಷ್ಟು ಶುದ್ಧವಾಗಿಲ್ಲ. ಬಲ್ಲವನಿಗಾಗಿ ಬರೆದ ಭಾಷೆಯು ಬಲ್ಲವನಿಲ್ಲದ ಹೊತ್ತಿನಲ್ಲಿಯೇ ಕಾಣಿಸಿಕೊಳ್ಳುವದು ಅದರ ದುರ್ದೈವ. ಸೂತ್ರಗಳಿಗೆ ಭಾಷ್ಯವು ಹುಟ್ಟಿದುದು ಇಂಥ ಹೊತ್ತಿಗಾಗಿಯೇ. ಕಾಖಂಡಕಿಯ ವೃದ್ಧರು ಮತ್ತೆ ಟೈಪು ಮಾಡಲು ಕುಳಿತಿದ್ದಾರೆ. ಒಂದು ಪದದ ಪಾಠವು ಎರಡು ಹಾಳೆಗಳಲ್ಲಿ ಎರಡು ಬಗೆಯಾಗಿರುವದರಿಂದ ಯಾವದನ್ನು ಹಿಡಿಯಬೇಕೆಂಬ ವಿಚಾರದಲ್ಲಿದ್ದಾರೆ. ಯಂತ್ರದ ಪಕ್ಕದ ಗೋಡೆಯ ಮೇಲೆ ಹುಡುಗಿಯ ಕೈಬರಹದ ಕಾಗದವೊಂದು ಅಂಟಿಕೊಂಡಿದೆ.